ನಿಧಾನಕ್ಕೆ ತುಳಿದರೂ ಹೆಲ್ಮೆಟ್ ಬೇಕೇ?

ಪ್ರಶ್ನೆ: ಮಗಳು ಎಂಟನೇ ತರಗತಿ. ಮೂರು ಕಿ.ಮೀ. ದೂರದ ಶಾಲೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತಾಳೆ. ಜೋರಾಗಿ ಓಡಿಸುವವಳಲ್ಲ. ಕಾನೂನೇ ಕಡ್ಡಾಯ ಮಾಡದ ಹೆಲ್ಮೆಟ್ ಬೇಕೇ? ಬೇಕಿದ್ದರೆ ಮನೆಯಲ್ಲಿರುವ ಬೈಕ್ ಹೆಲ್ಮೆಟ್ ಸಾಲದೇ?
- ಓದುಗರೊಬ್ಬರು, ದಾವಣಗೆರೆ ಜಿಲ್ಲೆ

ಸಂಪಾದಕರ ಉತ್ತರ: ಕಾನೂನಿನ ಮಾತು ನಿಜ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಬೈಕು, ಸ್ಕೂಟರುಗಳಿಗೆ ಅನ್ವಯಿಸುತ್ತದೆ, ಸೈಕಲ್ಲಿಗಲ್ಲ. ಆದರೂ ಹೆಲ್ಮೆಟ್ ಬೇಕು. 'ಜೋರಾಗಿ ಓಡಿಸುವವಳಲ್ಲ' ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸೈಕಲ್ ಮೇಲೆ ಕೂತ ಆ ವಯಸ್ಸಿನ ಹುಡುಗಿಯ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟೆತ್ತರದಿಂದ ಬಿದ್ದದ್ದು ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ 19-20 ಕಿ.ಮೀ. ವೇಗದಲ್ಲಿರುತ್ತದೆ. ಸೈಕಲ್ ನಿಂತೇ ಇದ್ದರೂ ಅಷ್ಟೇ. ವೇಲ್ ಹಿಂದಿನ ಚಕ್ರಕ್ಕೆ ಸುತ್ತಿಕೊಳ್ಳುವುದು, ಹ್ಯಾಂಡಲಿಗೆ ನೇತುಹಾಕಿದ ಊಟದ ಚೀಲ ಮುಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕುವುದು, ತಿರುವಿನ ಮರಳಿನಲ್ಲಿ ಜಾರುವುದು, ಇವಕ್ಕೆಲ್ಲ ವೇಗವೇ ಬೇಕಿಲ್ಲ.

ಬರಿತಲೆ ಸಿಮೆಂಟ್ ರಸ್ತೆಗೆ ಬಡಿದರೆ ಎರಡು ಮೂರು ಮಿಲಿಮೀಟರಿನಲ್ಲೇ ನಿಂತುಬಿಡುತ್ತದೆ. ಬುರುಡೆ ಬಿರುಕು ಬಿಡುವುದೂ ಒಳಗೆ ಮೆದುಳು ಅಲುಗಿ ರಕ್ತನಾಳ ಹರಿಯುವುದೂ ಹೀಗೆ ಗಕ್ಕನೆ ನಿಂತಾಗ. ಸೈಕಲ್ ಹೆಲ್ಮೆಟ್ಟಿನೊಳಗೆ ಥರ್ಮೋಕೋಲಿನ ಜಾತಿಯದೇ, ಆದರೆ ಗಟ್ಟಿಯಾದ ಫೋಮು ಇರುತ್ತದೆ, ಸುಮಾರು ಎರಡೂವರೆ ಸೆಂ.ಮೀ. ದಪ್ಪ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗುತ್ತ ತಲೆ ನಿಲ್ಲಲು ಹದಿನೈದು ಇಪ್ಪತ್ತು ಮಿ.ಮೀ. ಜಾಗ ಕೊಡುತ್ತದೆ. ನಿಲ್ಲುವ ದೂರ ಎಷ್ಟು ಪಟ್ಟು ಹೆಚ್ಚಿತೋ ಪೆಟ್ಟು ಅಷ್ಟು ಪಾಲು ಕಡಿಮೆ. ಯುರೋಪಿನ ಇಎನ್ 1078 ಮಾನದಂಡದ ಪರೀಕ್ಷೆಯಲ್ಲೂ ಹೆಲ್ಮೆಟ್ಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದಲೇ ಸಮತಟ್ಟಾದ ಉಕ್ಕಿನ ಮೇಲೆ ಬೀಳಿಸುತ್ತಾರೆ. ಲಾರಿ ಗುದ್ದಿದರೂ ಕಾಪಾಡುತ್ತದೆ ಎಂದು ಮಾತ್ರ ನಂಬಬೇಡಿ, ಅದಕ್ಕಾಗಿ ಮಾಡಿದ್ದಲ್ಲ.

ಬೈಕ್ ಹೆಲ್ಮೆಟ್ ಬೇಡ. ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು ತೂಗುತ್ತದೆ, ಗಾಳಿಯಾಡುವುದಿಲ್ಲ, ಕಿವಿ ಮುಚ್ಚಿ ಹಿಂದೆ ಬರುವ ಬಸ್ಸಿನ ಸದ್ದು ಮಂಕಾಗುತ್ತದೆ. ಸಾಲದ್ದಕ್ಕೆ ದೊಡ್ಡವರ ಅಳತೆ. ಬೆವರು ಸುರಿಸಿ ತುಳಿಯುವ ಹುಡುಗಿ ವಾರದೊಳಗೆ ಅದನ್ನು ಹ್ಯಾಂಡಲಿಗೆ ಸಿಕ್ಕಿಸುತ್ತಾಳೆ. ಸೈಕಲ್ ಹೆಲ್ಮೆಟ್ ಸಾಮಾನ್ಯವಾಗಿ 250-350 ಗ್ರಾಂ. ಒಳಗಿನ ಚೀಟಿಯಲ್ಲಿ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಗುರುತು ಇದೆಯೇ ನೋಡಿ.

ಹುಬ್ಬಿನಿಂದ ಒಂದಿಂಚು ಮೇಲೆ ಟೇಪು ಸುತ್ತಿ ತಲೆ ಅಳೆಯಿರಿ. ಬೆಳೆಯುವ ಮಕ್ಕಳೆಂದು ಯೂನಿಫಾರಂ ಸಡಿಲವಾಗಿ ಹೊಲಿಸುವ ಹಾಗೆ ಇದನ್ನು ದೊಡ್ಡದಾಗಿ ಕೊಳ್ಳಬೇಡಿ, ಬಿದ್ದಾಗ ಹಿಂದಕ್ಕೆ ಜಾರಿ ಹಣೆ ಬಯಲಾಗುತ್ತದೆ. ಮುಂದಿನ ಅಂಚು ಹುಬ್ಬಿನ ಮೇಲೆ ಎರಡು ಬೆರಳಗಲದಲ್ಲಿ ಕೂರಲಿ. ಪಕ್ಕದ ಎರಡು ಪಟ್ಟಿಗಳು ಕಿವಿಯ ಕೆಳಗೆ ಕೂಡಲಿ. ಗಲ್ಲದ ಪಟ್ಟಿಗೂ ಚರ್ಮಕ್ಕೂ ನಡುವೆ ಒಂದೆರಡು ಬೆರಳು ತೂರುವಷ್ಟೇ ಜಾಗವಿರಲಿ. ಬಾಯಿ ಅಗಲಿಸಿದರೆ ಹೆಲ್ಮೆಟ್ ನೆತ್ತಿಯನ್ನು ಕೆಳಕ್ಕೆ ಎಳೆದಂತಾಗಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಮರೆಯುವುದು ಜಡೆ. ನೆತ್ತಿಯ ಮೇಲೆ ಜುಟ್ಟು ಕಟ್ಟಿದರೆ ಹೆಲ್ಮೆಟ್ ಕೂರುವುದೇ ಇಲ್ಲ. ಎರಡು ಜಡೆಯಾದರೆ ಕಿವಿಯ ಕೆಳಮಟ್ಟದಿಂದ ಹೆಣೆಯಿರಿ, ಮಡಿಚಿ ಕಟ್ಟಿದ ರಿಬ್ಬನ್ ಹೆಲ್ಮೆಟ್ಟಿನ ಹೊರಗಿರಲಿ. ಲೋಹದ ಕ್ಲಿಪ್ಪು ಒಳಗೆ ಬೇಡ, ಪೆಟ್ಟು ಬಿದ್ದರೆ ಅದೇ ಚುಚ್ಚುತ್ತದೆ.

ಕೊಳೆಯಾದರೆ ಸೋಪುನೀರಿನಲ್ಲಿ ಒರೆಸಿದರೆ ಸಾಕು. ಪೆಟ್ರೋಲು, ಥಿನ್ನರ್ ತಾಗಿದರೆ ಫೋಮು ಕರಗುತ್ತದೆ. ಮರ ಹತ್ತುವಾಗ, ಉಯ್ಯಾಲೆ ಆಡುವಾಗ ತೆಗೆಸಿಡಿ, ಪಟ್ಟಿ ಎಲ್ಲಾದರೂ ಸಿಕ್ಕಿ ಕುತ್ತಿಗೆ ಬಿಗಿಯಬಹುದು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಸರಿಯಾಗಿ ಕಂಡರೂ ಬದಲಿಸಲೇಬೇಕು. ಜಜ್ಜಿದ ಫೋಮು ಮತ್ತೆ ಉಬ್ಬುವುದಿಲ್ಲ. ಅದನ್ನು ತಮ್ಮನಿಗೋ ಪಕ್ಕದ ಮನೆಯ ಮಗುವಿಗೋ ದಾಟಿಸದೆ, ಪಟ್ಟಿ ಕತ್ತರಿಸಿ ಎಸೆಯಿರಿ.