ಪ್ರತಿಕ್ರಿಯೆ: ಟೆಲ್ಲೂರಿಯಂ ಭಾರ ಜಾಸ್ತಿ ಇದ್ರೂ ಅಯೋಡಿನ್‌ಗಿಂತ ಮುಂಚೆ ಯಾಕಿದೆ?

ಪ್ರಿಂಟ್ ಮಿಸ್ಟೇಕಾ ಅಂತ ಕೇಳಿದೀರಲ್ಲ, ಅಲ್ಲ ಗುರು, ಪೀರಿಯಾಡಿಕ್ ಟೇಬಲ್ (ಧಾತುಗಳನ್ನ ಕ್ರಮವಾಗಿ ಜೋಡಿಸಿರೋ ಪಟ್ಟಿ) ಸರಿಯಾಗೇ ಇದೆ. ಪರಮಾಣು ಭಾರ ಟೆಲ್ಲೂರಿಯಂದು 127.6, ಅಯೋಡಿನ್‌ದು 126.9, ಹೌದು, ಆದ್ರೆ ಈಗ ಜೋಡಿಸೋದು ಭಾರ ನೋಡಿ ಅಲ್ಲ, ನ್ಯೂಕ್ಲಿಯಸ್‌ನಲ್ಲಿ ಎಷ್ಟು ಪ್ರೋಟಾನ್ ಇದೆ ಅಂತ ನೋಡಿ, ಟೆಲ್ಲೂರಿಯಂಗೆ 52, ಅಯೋಡಿನ್‌ಗೆ 53, ಅಷ್ಟೇ.

ಮಜಾ ಏನಂದ್ರೆ 1869ರಲ್ಲಿ ಈ ಟೇಬಲ್ ಮಾಡಿದ ರಷ್ಯಾದ ವಿಜ್ಞಾನಿ ಮೆಂಡಲೀವ್‌ಗೆ ಪ್ರೋಟಾನ್ ಅನ್ನೋದೇ ಗೊತ್ತಿರ್ಲಿಲ್ಲ, ಆತ ಜೋಡಿಸಿದ್ದು ಭಾರದ ಮೇಲೇನೇ, ಆದ್ರೂ ಅಯೋಡಿನ್ ಗುಣ ಕ್ಲೋರಿನ್, ಬ್ರೋಮಿನ್ ಥರಾನೇ ಇದೆ ಅಂತ ಅದನ್ನ ಅವುಗಳ ಗುಂಪಿಗೇ ಹಾಕ್ಬಿಟ್ಟ, ಟೆಲ್ಲೂರಿಯಂ ತೂಕಾನೇ ಯಾರೋ ತಪ್ಪಾಗಿ ಅಳೆದಿದಾರೆ ಅಂದ್ಕೊಂಡ. ಅಳತೆ ಸರಿಯಾಗೇ ಇತ್ತು, ಜಾಗಾನೂ ಸರಿ, ಕಾರಣ ಮಾತ್ರ ತಪ್ಪು! 1913ರಲ್ಲಿ ಮೋಸ್ಲಿ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಹುಡುಗ ಧಾತುಗಳು ಸೂಸೋ ಎಕ್ಸ್‌ರೇ ಫ್ರೀಕ್ವೆನ್ಸಿ ಅಳೆದು, ಕ್ರಮ ನಿರ್ಧಾರ ಆಗೋದು ನ್ಯೂಕ್ಲಿಯಸ್‌ನ ಚಾರ್ಜ್‌ನಿಂದ, ಅಂದ್ರೆ ಪ್ರೋಟಾನ್ ಸಂಖ್ಯೆಯಿಂದ, ಅಂತ ತೋರಿಸ್ದ. (ಪಾಪ, 27ನೇ ವಯಸ್ಸಿಗೇ ಗಲಿಪೊಲಿ ಯುದ್ಧದಲ್ಲಿ ಸತ್ತ.)

ಭಾರ ಯಾಕೆ ಉಲ್ಟಾ ಅಂದ್ರೆ ನ್ಯೂಟ್ರಾನ್, ಅದು ನ್ಯೂಕ್ಲಿಯಸ್‌ಗೆ ಭಾರ ಸೇರಿಸುತ್ತೆ, ಚಾರ್ಜ್ ಸೇರಿಸಲ್ಲ. ಪ್ರಕೃತೀಲಿ ಸಿಗೋ ಟೆಲ್ಲೂರಿಯಂನಲ್ಲಿ ಅರ್ಧಕ್ಕಿಂತ ಜಾಸ್ತಿ 128, 130 ಭಾರದ ಐಸೋಟೋಪ್‌ಗಳೇ (ಅದೇ ಧಾತು, ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆ), ಅಯೋಡಿನ್‌ದು 127 ಒಂದೇ. ಆರ್ಗಾನ್–ಪೊಟ್ಯಾಸಿಯಂ, ಕೋಬಾಲ್ಟ್–ನಿಕಲ್ ನೋಡಿ, ಅಲ್ಲೂ ಇದೇ ಕಥೆ.