ಏಟು ಯಾರಿಗೆ ಬಿತ್ತೆಂದು ತಿಳಿಯದಿದ್ದರೆ ಅದು ನಿಮ್ಮ ಕಣ್ಣಿನ ತಪ್ಪಲ್ಲ

ಕುಸಿಯುತ್ತಿರುವ ಸೇತುವೆ, ಸುರಿಯುವ ಮಳೆ, ಕತ್ತಿ ಹಿರಿದು ಕಾದಾಡುವ ನಾಯಕಿ ಮತ್ತು ಖಳ. ಈ ಅನಿಮೇಷನ್ ದೃಶ್ಯವನ್ನು ಮೂರು ಸಲ ನೋಡಿದರೂ ಯಾರು ಯಾರಿಗೆ ಹೊಡೆದರೆಂದು ಗೊತ್ತಾಗಲಿಲ್ಲ, ನನ್ನ ಕಣ್ಣೇ ಮಂದವೇ ಎಂದು ಕೇಳಿದ್ದೀರಿ. ನಿಮ್ಮ ಕಣ್ಣು ಸರಿಯಾಗಿಯೇ ಇದೆ. ನಾನೂ ಅದನ್ನು ಎರಡು ಸಲ ನೋಡಿದೆ, ಎರಡನೆಯ ಸಲ ಧ್ವನಿಯನ್ನು ಪೂರ್ತಿ ಅಡಗಿಸಿ. ಆಗ ಅದರ ಬಂಡವಾಳ ಬಯಲಾಯಿತು. ಕತ್ತಿಗಳ ಖಣಖಣ, ನಗಾರಿಯ ಅಬ್ಬರ ನಿಂತ ಮೇಲೆ ಪರದೆಯಲ್ಲಿ ಉಳಿದದ್ದು ಹೊರಳಾಡುವ ಬೂದುಬಣ್ಣದ ಒಂದು ಮುದ್ದೆ. ಏಟು ಬಿತ್ತೆಂದು ಅಷ್ಟು ಹೊತ್ತು ನಮಗೆ ಹೇಳುತ್ತಿದ್ದದ್ದು ಸದ್ದು, ಚಿತ್ರವಲ್ಲ.

ಮುದ್ದೆ ಎಂದದ್ದು ಬೈಯಬೇಕೆಂದಲ್ಲ. ಕೆಲವು ವರ್ಷ ನಾನು ಸ್ಟೋರಿಬೋರ್ಡ್ ಕೆಲಸದಲ್ಲಿದ್ದೆ, ಅಂದರೆ ದೃಶ್ಯಗಳನ್ನು ಮೊದಲು ಹಾಳೆಯ ಮೇಲೆ ಚಿತ್ರಗಳಾಗಿ ಬಿಡಿಸುವ ಕೆಲಸ. ಆರಂಭದ ದಿನಗಳಲ್ಲಿ ಬಿಡಿಸಿದ ಒಂದು ಕಾಳಗದ ಹಾಳೆಯನ್ನು ಹಿರಿಯರೊಬ್ಬರು ಎತ್ತಿಕೊಂಡು, ತುಟಿ ಬಿಚ್ಚದೆ, ದಪ್ಪ ಮಾರ್ಕರಿನಿಂದ ಎರಡೂ ಪಾತ್ರಗಳಿಗೆ ಕಪ್ಪು ತುಂಬಿದರು. ಕವಚದ ಒಂದೊಂದು ಕೊಂಡಿಯನ್ನೂ ಮುತುವರ್ಜಿಯಿಂದ ಬರೆದಿದ್ದೆ. ಕಪ್ಪಾದ ಮೇಲೆ ನೋಡಿದರೆ ನಾಲ್ಕು ಕಾಲಿನ ಯಾವುದೋ ಪ್ರಾಣಿ! ಕತ್ತಿ ಹಿಡಿದ ಕೈ ಎದೆಯ ಮುಂದೆಯೇ ಇದ್ದುದರಿಂದ ಮಾಯವಾಗಿತ್ತು. ಆ ಕೈಯನ್ನು ಮೈಯಿಂದ ಆಚೆಗೆ, ಖಾಲಿ ಆಕಾಶದ ಎದುರಿಗೆ ಸರಿಸಿದೆ. ಮತ್ತೆ ಕಪ್ಪು ತುಂಬಿದಾಗಲೂ ಏಟು ಎದ್ದು ಕಂಡಿತು. ನಿಮ್ಮ ದೃಶ್ಯವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ನೋಡಿ: ಇಬ್ಬರಿಗೂ ಕಡುಬೂದು ಕವಚ, ಹಿಂದೆ ಕಡುಬೂದು ಬಂಡೆ, ಮೇಲೆ ಮಳೆಯ ಗೆರೆಗಳು.

ಆದರೆ ನಿಜವಾದ ಎಡವಟ್ಟು ಒಂದು ಶಾಟ್‌ನಿಂದ ಇನ್ನೊಂದಕ್ಕೆ ಜಿಗಿಯುವ ಕಟ್‌ಗಳಲ್ಲಿದೆ. ಒಂದು ಶಾಟ್ ಮುಗಿಯುವಾಗ ನಾಯಕಿಯ ಕತ್ತಿಯ ತುದಿ ಪರದೆಯ ಬಲ ಅಂಚಿನಲ್ಲಿರುತ್ತದೆ, ನಮ್ಮ ಕಣ್ಣೂ ಅಲ್ಲಿಯೇ ಇರುತ್ತದೆ. ಮುಂದಿನ ಶಾಟ್‌ನಲ್ಲಿ ಖಳನ ಒದೆತ ಬೀಳುವುದು ಎಡಗಡೆಯ ಕೆಳಮೂಲೆಯಲ್ಲಿ. ಹೊಸ ಗುರಿಯತ್ತ ಹೊರಳಲು ಕಣ್ಣಿಗೆ ಸುಮಾರು 200 ಮಿಲಿಸೆಕೆಂಡು ಬೇಕು. ಸೆಕೆಂಡಿಗೆ 24 ಫ್ರೇಮ್‌ಗಳ, ಅಂದರೆ ಬಿಡಿ ಚಿತ್ರಗಳ, ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 5 ಫ್ರೇಮ್. ಇಲ್ಲಿ ಒದೆತ ಮೂರನೆಯ ಫ್ರೇಮ್‌ಗೇ ಮುಗಿದುಹೋಗಿದೆ. ಕಣ್ಣು ಬಂದು ತಲುಪುವ ಹೊತ್ತಿಗೆ ಅಲ್ಲಿ ಧೂಳು ಮಾತ್ರ. ಏಟಿಗೆ ಮೊದಲು ಕೈಯನ್ನೋ ಕಾಲನ್ನೋ ಹಿಂದಕ್ಕೆಳೆದು ಸುಳಿವು ಕೊಡಬೇಕೆಂಬುದು ಹೊಸ ವಿಚಾರವೇನಲ್ಲ. ಡಿಸ್ನಿಯ ಅನಿಮೇಟರುಗಳಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟ 12 ಸೂತ್ರಗಳಲ್ಲಿ ಅದೂ ಒಂದು. ಇಲ್ಲಿ ಆ ಸುಳಿವನ್ನೇ ಕತ್ತರಿಸಿ ಎಸೆದು ಅದನ್ನು ವೇಗ ಎಂದುಕೊಂಡಿದ್ದಾರೆ.

ಸಾಲದ್ದಕ್ಕೆ ಕ್ಯಾಮೆರಾ ಇಬ್ಬರನ್ನೂ ಜೋಡಿಸುವ ಕಾಲ್ಪನಿಕ ರೇಖೆಯನ್ನು ಮನಬಂದಂತೆ ದಾಟಿ ಆಚೆ ಬದಿಗೆ ಹೋಗುತ್ತದೆ. ಎಡಗಡೆ ಇದ್ದ ನಾಯಕಿ ರೆಪ್ಪೆ ಬಡಿಯುವುದರೊಳಗೆ ಬಲಗಡೆ ಇರುತ್ತಾಳೆ. ಅನಿಮೇಷನ್‌ನಲ್ಲಿ ಕ್ಯಾಮೆರಾಕ್ಕೆ ಭಾರವಿಲ್ಲ, ಹೊರುವವರು ಬೇಕಿಲ್ಲ, ಗೋಡೆ ಅಡ್ಡ ಬರುವುದಿಲ್ಲ. ಹಾಗಾಗಿ ಕೈಗೆ ಕಡಿವಾಣವೂ ಇರುವುದಿಲ್ಲ.

ಯುದ್ಧವೆಂದರೆ ಗೊಂದಲವೇ ತಾನೇ, ಅದನ್ನೇ ತೋರಿಸಿದ್ದಾರೆ ಎಂದು ಯಾರಾದರೂ ವಾದಿಸಬಹುದು. ಗೊಂದಲಗೊಂಡವಳ ಕಣ್ಣಿನಿಂದ ನೋಡಿಸಿದ್ದರೆ ಒಪ್ಪುತ್ತಿದ್ದೆ. ಇಲ್ಲಿ ಕ್ಯಾಮೆರಾ ಯಾರ ಕಣ್ಣೂ ಅಲ್ಲ. ವೇಗವೂ ನೆಪವಾಗದು. 2008ರ ಅನಿಮೇಷನ್ ಚಿತ್ರ ‘ಕುಂಗ್ ಫೂ ಪಾಂಡಾ’ದಲ್ಲಿ ಪಾಂಡಾ ಪೋ ಮತ್ತು ಅವನ ಗುರು ಶಿಫು ಒಂದೇ ಒಂದು ಡಂಪ್ಲಿಂಗ್‌ಗಾಗಿ ಕಿತ್ತಾಡುವ ದೃಶ್ಯ ನೆನಪಿಸಿಕೊಳ್ಳಿ. ಒಬ್ಬ ಗುಡಾಣದಂತೆ, ಇನ್ನೊಬ್ಬ ಅಂಗೈಯಗಲ. ಕಪ್ಪು ತುಂಬಿದರೂ ಅದಲುಬದಲಾಗುವ ಮಾತೇ ಇಲ್ಲ. ಕೈಗಳು ಎಷ್ಟೇ ಚುರುಕಾಗಿ ಆಡಲಿ, ಕಣ್ಣು ಹಿಂಬಾಲಿಸಬೇಕಾದದ್ದು ಆ ಪುಟ್ಟ ತಿಂಡಿಯನ್ನು ಮಾತ್ರ.

ನಿಮ್ಮ ದೃಶ್ಯದಲ್ಲೂ ಒಂದು ಶಾಟ್ ನನಗೆ ಇಷ್ಟವಾಯಿತು. ಹಲಗೆಯೊಂದು ಮುರಿದು ಬಿದ್ದ ಮೇಲೆ ಕ್ಯಾಮೆರಾ ದೂರ ಸರಿದು ಸುಮ್ಮನೆ ನಿಲ್ಲುತ್ತದೆ. ಬಿಳಿಮಂಜಿನ ಎದುರು ಇಬ್ಬರೂ ಬೇರೆಬೇರೆಯಾಗಿ ಕಾಣುತ್ತಾರೆ; ನಾಯಕಿಯ ಹಿಮ್ಮಡಿ ಒದ್ದೆ ಹಲಗೆಯ ಮೇಲೆ ಒಂದು ಗೇಣು ಹಿಂದಕ್ಕೆ ಜಾರುತ್ತದೆ. ಅವಳು ಸೋಲುತ್ತಿದ್ದಾಳೆಂದು ನನಗೆ ಗೊತ್ತಾದದ್ದು ಆಗಲೇ. ಮರುಕ್ಷಣ ಕ್ಯಾಮೆರಾ ಮತ್ತೆ ಗಿರಗಿರನೆ ತಿರುಗತೊಡಗಿತು.