ಬ್ಲೆಂಡ್ ಅಂದರೆ ಕಲಬೆರಕೆ ಅಲ್ಲ ಸ್ವಾಮಿ

ಪ್ರಶ್ನೆ: ಟೀಚರ್ಸ್, ರೆಡ್ ಲೇಬಲ್‌ನಂಥ ಕಡಿಮೆ ಬೆಲೆಯ ಸ್ಕಾಚ್ ಕುಡಿದರೆ ನನಗೆ ಘಾಟು ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ಸಿಂಗಲ್ ಮಾಲ್ಟ್ ಮಾತ್ರ ಅಸಲಿ, ಬ್ಲೆಂಡ್ ಅಂದರೆ ಕಲಬೆರಕೆ ಅಂತಾರೆ ಸ್ನೇಹಿತರು. ರುಚಿ ನೋಡುವುದು ಹೇಗೆ?

ಉತ್ತರ: ಈ ಕಲಬೆರಕೆ ಮಾತು ಕೇಳಿ ಕೇಳಿ ಸಾಕಾಗಿದೆ. ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ್ದು ಮಾಲ್ಟ್ ವಿಸ್ಕಿ. ಅದು ಒಂದೇ ಡಿಸ್ಟಿಲರಿಯದ್ದಾದರೆ ಸಿಂಗಲ್ ಮಾಲ್ಟ್. ಮಾಲ್ಟ್ ವಿಸ್ಕಿಗೆ ಗೋಧಿ ಅಥವಾ ಮೆಕ್ಕೆಜೋಳದ ಗ್ರೇನ್ ವಿಸ್ಕಿ ಸೇರಿಸಿದರೆ ಬ್ಲೆಂಡ್. ಎರಡೂ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕೂತಿರಲೇಬೇಕು, ಅದು ಕಾನೂನು. ಮೇಲೆ ಸೇರಿಸಬಹುದಾದದ್ದು ನೀರು, ಬಣ್ಣಕ್ಕೆ ಕ್ಯಾರಮೆಲ್, ಅಷ್ಟೇ. ನಮ್ಮ ಎಷ್ಟೋ ದೇಶಿ ವಿಸ್ಕಿಗಳಲ್ಲಿ ಕಾಕಂಬಿಯ ಸ್ಪಿರಿಟ್ ಇರುತ್ತದೆ. ನಿಮ್ಮ ಸ್ನೇಹಿತರು ಆ ಮಾತನ್ನು ಅಲ್ಲಿ ಆಡಲಿ.

ಇನ್ನು ಘಾಟಿನ ವಿಷಯ. ಇಲ್ಲಿ ಸಿಗುವ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಆಲ್ಕೋಹಾಲ್ ಶೇ 42.8 ಅಂತ ಇರುತ್ತದೆ. ಅದನ್ನು ಹಾಗೇ ಅಗಲ ಬಾಯಿಯ ಗ್ಲಾಸಿಗೆ ಸುರಿದು, ಮೂಗು ಪೂರ್ತಿ ಒಳಗೆ ಇಳಿಸಿದರೆ ಘಾಟಲ್ಲದೆ ಇನ್ನೇನು ಬರಬೇಕು? ಐಸ್ ಹಾಕಿದಿರೋ, ವಾಸನೆಯೂ ಸತ್ತಿತು.

ಬಾಯಿ ಕಿರಿದಾದ ಸಣ್ಣ ಗ್ಲಾಸು ತಗೊಳ್ಳಿ. 30 ಎಂ.ಎಲ್. ವಿಸ್ಕಿ, ಅಷ್ಟೇ ಮಾಮೂಲಿ ನೀರು. ರುಚಿ ನೋಡುವಾಗ ಸೋಡಾ ಬೇಡ. ಸ್ಕಾಟ್ಲೆಂಡಿನಲ್ಲಿ ಬ್ಲೆಂಡ್ ಮಾಡುವ ಪರಿಣತರೂ ಮೂಸುವಾಗ ಶೇ 20ರ ಆಸುಪಾಸಿಗೆ ಇಳಿಸಿಕೊಳ್ಳುತ್ತಾರೆ, ನೀರು ಹಾಕಿದರೆ ಮರ್ಯಾದೆ ಹೋಗುತ್ತೆ ಅನ್ನುವವರು ಇದನ್ನು ಗಮನಿಸಲಿ. ಗ್ಲಾಸಿನ ಮೇಲೆ ತಟ್ಟೆ ಮುಚ್ಚಿ ಎರಡು ನಿಮಿಷ ಬಿಡಿ. ಆಮೇಲೆ ಬಾಯಿ ಸ್ವಲ್ಪ ತೆರೆದುಕೊಂಡು, ಅಂಚಿನ ಹತ್ತಿರ ಮೆಲ್ಲಗೆ ಮೂಸಿ.

ಟೀಚರ್ಸ್ ಆದರೆ ಮೊದಲು ಬರುವುದು ಹೊಗೆ. ಅದರಲ್ಲಿ ಆರ್ಡ್‌ಮೋರ್ ಡಿಸ್ಟಿಲರಿಯ ಮಾಲ್ಟ್ ಇದೆ, ಅಲ್ಲಿ ಬಳಸುವುದು ಪೀಟ್ ಹೊಗೆಯಲ್ಲಿ, ಅಂದರೆ ಜೌಗು ನೆಲದಿಂದ ಅಗೆದು ಒಣಗಿಸಿದ ಹೆಂಟೆ ಸುಟ್ಟ ಹೊಗೆಯಲ್ಲಿ, ಒಣಗಿಸಿದ ಬಾರ್ಲಿ. ಅದರ ಹಿಂದೆ ಸೇಬಿನಂಥ ಹಣ್ಣು, ಜೇನು. ಮೆತ್ತಗಿನ ವೆನಿಲಾ ವಾಸನೆ ಬಂದರೆ ಅದು ಅಮೆರಿಕದ ಬರ್ಬನ್ ವಿಸ್ಕಿ ತುಂಬಿದ್ದ ಹಳೆ ಪೀಪಾಯಿಯ ಕೊಡುಗೆ. ರೆಡ್ ಲೇಬಲ್ ಬೇರೆ ಜಾತಿ. ಮೆಣಸಿನ ಖಾರ ಮುಂದೆ, ಹೊಗೆ ಹಿಂದೆ. ಅದು ಸೋಡಾ ಜೊತೆ ಕುಡಿಯಲೆಂದೇ ಮಾಡಿದ್ದು, ಬರೀ ಕುಡಿದು ಬೈಯಬೇಡಿ.

ಈಗ ಒಂದು ಗುಟುಕು. ನುಂಗುವ ಮೊದಲು ನಾಲಿಗೆ ಪೂರ್ತಿ ಒದ್ದೆಯಾಗಲಿ. ಹೊಟ್ಟೆ ಖಾಲಿ ಇರಬಾರದು, ಆದರೆ ಬಾಯಿ ಖಾಲಿ ಇರಬೇಕು. ಮಸಾಲೆ ಕಡ್ಲೆಕಾಯಿ, ಕಬಾಬ್ ಎಲ್ಲ ಆಮೇಲೆ. ಕಡಿಮೆ ಬೆಲೆಯ ಬ್ಲೆಂಡ್‌ನಲ್ಲಿ ರುಚಿ ಬೇಗ ಮಾಯವಾಗುತ್ತೆ, ಅದನ್ನು ನಾನು ತಪ್ಪು ಅನ್ನುವುದಿಲ್ಲ. ಕೂಡಿಸಿದ್ದು ಕೂಡಿಕೊಂಡಿದೆಯಾ ಅನ್ನುವುದೇ ಪ್ರಶ್ನೆ. ಕೆಟ್ಟ ಬ್ಲೆಂಡ್ ನೀರು ಬಿದ್ದ ತಕ್ಷಣ ಒಡೆಯುತ್ತೆ, ಬೇಳೆ ಬೇರೆ ತಿಳಿ ಬೇರೆ ನಿಂತ ಸಾರಿನ ಹಾಗೆ. ಮೂಗಿಗೆ ಉಗುರುಬಣ್ಣದ ವಾಸನೆ, ನಾಲಿಗೆಗೆ ತೆಳ್ಳಗಿನ ಸಿಹಿ, ಕೊನೆಗೆ ಒಗರು. ಒಳ್ಳೆಯದು ನೀರು ಬಿದ್ದರೂ ಒಂದಾಗಿಯೇ ಇರುತ್ತೆ.

ಒಂದೇ ಬೆಲೆಯ ಎರಡನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಮನೆಯವರಿಗೆ ಹೇಳಿ ಸುರಿಸಿ, ಯಾವುದು ಯಾವುದೆಂದು ನಿಮಗೆ ತಿಳಿಯಬಾರದು. ಖಾಲಿ ಗ್ಲಾಸನ್ನು ತೊಳೆಯದೆ ಇಟ್ಟು ಬೆಳಿಗ್ಗೆ ಮೂಸಿ. ಆಲ್ಕೋಹಾಲ್ ಹಾರಿಹೋಗಿರುತ್ತೆ, ಹೊಗೆ ಮತ್ತು ಮರ ಉಳಿದಿರುತ್ತವೆ. ಏನೂ ಉಳಿದಿಲ್ಲದಿದ್ದರೆ ಮುಂದಿನ ಸಲ ಬೇರೆ ಬಾಟಲಿ ತಗೊಳ್ಳಿ.

ಪ್ರಶ್ನೆ: ಬಣ್ಣ ಗಾಢವಾಗಿದ್ದರೆ ಹಳೆಯ ವಿಸ್ಕಿ ಅಲ್ವಾ?

ಉತ್ತರ: ಕ್ಯಾರಮೆಲ್ ಅಂತ ಈಗಷ್ಟೇ ಹೇಳಿದೆ.

ಪ್ರಶ್ನೆ: ಮಾವ ದುಬೈನಿಂದ ತಂದ 12 ವರ್ಷದ ಬಾಟಲಿ ಬೀರುವಿನಲ್ಲಿ 10 ವರ್ಷದಿಂದ ಇದೆ. ಈಗ ಅದು 22 ವರ್ಷದ್ದಾ?

ಉತ್ತರ: ಗಾಜಿನೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ. ಮಾವನಿಗೆ ಆಗಿದೆ, ಅವರನ್ನು ಕರೆದು ಬಾಟಲಿ ತೆಗೆಯಿರಿ.

ಪ್ರಶ್ನೆ: ಶೀತಕ್ಕೆ ಮಗುವಿಗೆ ಒಂದು ಚಮಚ ಕೊಡಬಹುದಾ?

ಉತ್ತರ: ಒಂದು ಹನಿಯೂ ಕೂಡದು. ಹಾಗೆ ಹೇಳಿಕೊಟ್ಟವರ ಮಾತು ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಡ್ಯೂಟಿ ಫ್ರೀ ಮಾಲು ಅಂತ ಒಬ್ಬರು ಅರ್ಧ ಬೆಲೆಗೆ ಮನೆಗೇ ತಂದುಕೊಡುತ್ತಾರೆ. ಚಮಚದಲ್ಲಿ ಬೆಂಕಿ ಹಚ್ಚಿದರೆ ನೀಲಿ ಉರಿ ಬರುತ್ತೆ, ಅಸಲಿ ತಾನೇ?

ಉತ್ತರ: ಕಣ್ಣು ತೆಗೆಯುವ ಮೆಥನಾಲ್ ಕೂಡ ನೀಲಿಯಾಗೇ ಉರಿಯುತ್ತೆ. ಈ ಬೆಂಕಿ ಪರೀಕ್ಷೆ ಕಲಿಸಿದವರು ಯಾರೋ, ಅವರಿಂದ ದೂರ ಇರಿ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಕೊಂಡು ಬಿಲ್ ತಗೊಳ್ಳಿ. ಹಾಗೇ ಖಾಲಿ ಬಾಟಲಿ ಗುಜರಿಗೆ ಹಾಕುವಾಗ ಲೇಬಲ್ ಕಿತ್ತು ಹಾಕಿ, ಅದಕ್ಕೇ ಮತ್ತೆ ಏನೇನೋ ತುಂಬಿ ಮಾರುವವರಿದ್ದಾರೆ.